ಇನ್ನೂರ ನಲವತ್ತು ಓಮ್

ವೇಗ ಹೆಚ್ಚಿಸಲು ಕಡ್ಡಿಯನ್ನು ಮೇಲಕ್ಕೆ ಎತ್ತಿದೆ. ಕಾರು ನಿಧಾನವಾಯಿತು.

ಶಿರಾ ದಾಟಿ ಹಿರಿಯೂರಿನ ಕಡೆಗೆ ಬರುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆ, ರಸ್ತೆ ಹೆಚ್ಚುಕಡಿಮೆ ಖಾಲಿ. ಆಕ್ಸಿಲರೇಟರಿನಿಂದ ಪಾದ ತೆಗೆದರೂ ಕಾರಿನ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ 80ಕ್ಕೆ ನಿಂತಿತ್ತು. ಮುಂದಿದ್ದ ಲಾರಿ ಎಡಕ್ಕೆ ಸರಿದು ದಾರಿ ಬಿಟ್ಟಿತು. ಇನ್ನು 85ಕ್ಕೆ ಏರಿಸೋಣವೆಂದು ಸ್ಟೀರಿಂಗ್ ಚಕ್ರದ ಬಲಗಡೆ ಕೆಳಗಿರುವ ಪುಟ್ಟ ಕಡ್ಡಿಯನ್ನು ಬೆರಳಿನಿಂದ ಎತ್ತಿ ಹಿಡಿದೆ. ಮುಳ್ಳು 78, 76, 74 ಎಂದು ಇಳಿಯತೊಡಗಿತು. ಬಿಟ್ಟು ಮತ್ತೆ ಎತ್ತಿದೆ, ಈ ಸಲ ಏರಿತು. ಮೂರನೆಯ ಸಲ ಏನೂ ಆಗಲಿಲ್ಲ. ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ನಮ್ಮ ಯಜಮಾನರು, “ಮುಂದೆ ಏನಾದರೂ ಅಡ್ಡ ಬಂತೇ?” ಎಂದು ಕೇಳಿದರು.

“ಇಲ್ಲ ರೀ, ರಸ್ತೆ ಖಾಲಿ ಇದೆ.”

“ಹಾಗಾದರೆ ಯಾಕೆ ಇಳಿಸಿದೆ?”

ನಾನು ಇಳಿಸಿರಲಿಲ್ಲ.

ಅವರಿಗೆ ಗ್ಲಾಕೋಮಾ. ಎರಡೂ ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂದು ಈಗ ಒಂದು ಕೊಳವೆಯ ಮೂಲಕ ನೋಡಿದಷ್ಟೇ ಉಳಿದಿದೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿಲೋಮೀಟರ್. ರೈಲಿನಲ್ಲೂ ಹೋಗಬಹುದು, ಆದರೆ ಕಣ್ಣಿಗೆ ಹನಿ ಹಾಕಿ ಪರೀಕ್ಷೆ ಮಾಡಿದ ದಿನ ಅವರನ್ನು ನಿಲ್ದಾಣದ ಜನಜಂಗುಳಿಯಲ್ಲಿ ಕೈಹಿಡಿದು ನಡೆಸುವುದು ಇಬ್ಬರಿಗೂ ಕಷ್ಟ. ಹಾಗಾಗಿ ಕಾರು. ಓಡಿಸುವವಳು ನಾನು, ನನ್ನ ಬಲ ಮೊಣಕಾಲು ಸವೆದಿದೆ. ಒಂದೇ ಭಂಗಿಯಲ್ಲಿ ಪಾದವನ್ನು ಆಕ್ಸಿಲರೇಟರ್ ಮೇಲೆ ಎರಡು ಗಂಟೆ ಹಿಡಿದರೆ ಇಳಿದಾಗ ಕಾಲು ನೆಟ್ಟಗಾಗುವುದಿಲ್ಲ. ಕ್ರೂಸ್ ಕಂಟ್ರೋಲ್ ಎಂದರೆ ದುಡ್ಡಿದ್ದವರ ಶೋಕಿ ಎಂದು ಹೇಳುವವರನ್ನು ಕೇಳಿದ್ದೇನೆ. ನಮ್ಮಿಬ್ಬರ ಮಟ್ಟಿಗೆ ಅದು ಊರುಗೋಲು.

ಅವತ್ತು ಕಡ್ಡಿಯನ್ನು ನನ್ನ ಕಡೆಗೆ ಎಳೆದು ಕ್ರೂಸ್ ರದ್ದು ಮಾಡಿ, ಉಳಿದ ದಾರಿಯನ್ನು ಕಾಲಿನಿಂದಲೇ ಓಡಿಸಿದೆ. ಚಿತ್ರದುರ್ಗ ದಾಟುವಾಗ ಅವರು, “ನಿನ್ನ ಕಾಲು ನೋಯುತ್ತಿದೆ” ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎಂಜಿನ್ನಿನ ಸದ್ದು ಏರಿ ಇಳಿದು ಏರಿ ಇಳಿದು ಬರುತ್ತಿದೆ, ಕಾಲು ದಣಿದಾಗ ಹಾಗೆ ಆಗುತ್ತದೆ ಎಂದರು. ಮೊದಲೆಲ್ಲ ಅವರು ದಾರಿಯಲ್ಲಿ ನಿದ್ದೆ ಮಾಡುತ್ತಿದ್ದರು. ಆಮೇಲಿನ ಎರಡು ಪ್ರಯಾಣಗಳಲ್ಲಿ ಒಂದು ಚಣವೂ ಕಣ್ಣು ಹತ್ತಲಿಲ್ಲ.

ಕಾರಿಗೆ ಹನ್ನೆರಡು ವರ್ಷ. ಒಂದು ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಅಲ್ಲಿನ ಹುಡುಗ ಕಂಪ್ಯೂಟರ್ ಜೋಡಿಸಿ ನೋಡಿ, ಸ್ವಿಚ್ ಮತ್ತು ಕ್ಲಾಕ್ ಸ್ಪ್ರಿಂಗ್ ಎರಡನ್ನೂ ಬದಲಾಯಿಸಬೇಕು ಎಂದು ಹದಿನೆಂಟು ಸಾವಿರ ರೂಪಾಯಿಯ ಅಂದಾಜುಪಟ್ಟಿ ಕೊಟ್ಟ. “ಎರಡರಲ್ಲಿ ಯಾವುದು ಕೆಟ್ಟಿದೆ?” ಎಂದು ಕೇಳಿದೆ. “ಎರಡನ್ನೂ ಹಾಕಿದರೆ ಖಂಡಿತ ಸರಿಹೋಗುತ್ತದೆ ಮೇಡಂ” ಎಂದ. ವಿನಯದಿಂದಲೇ ಹೇಳಿದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಪ್ರಯೋಗಾಲಯದಲ್ಲಿ ಗ್ಯಾಲ್ವನೋಮೀಟರ್ ಮುಳ್ಳು ಅಲುಗದಿದ್ದರೆ ಮಕ್ಕಳು ಎಲ್ಲ ತಂತಿಗಳನ್ನೂ ಕಿತ್ತು ಹೊಸದಾಗಿ ಜೋಡಿಸಲು ಹೊರಡುತ್ತಿದ್ದರು. ಕೀಳಬೇಡಿ, ಕಿತ್ತರೆ ತಪ್ಪು ಎಲ್ಲಿತ್ತು ಎಂಬುದೂ ಅದರ ಜೊತೆಗೇ ಹೋಗುತ್ತದೆ ಎಂದು ನಾನು ಅವರ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಅಂದಾಜುಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿ.ಬಿ. ರಸ್ತೆಯಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸದ ಅಂಗಡಿ ಇಟ್ಟಿದ್ದಾನೆ. ದಾವಣಗೆರೆಯ ಹೊರಗಿನವರಿಗಾಗಿ ಹೇಳುತ್ತೇನೆ, ಪಿ.ಬಿ. ಎಂದರೆ ಪೂನಾ–ಬೆಂಗಳೂರು. ಹೆದ್ದಾರಿ ಊರಿನ ಹೊರಗೆ ಸರಿದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹಳೆಯ ರಸ್ತೆಗೇ ಅಂಟಿಕೊಂಡಿದೆ. ಅವನಿಗೆ ಲಕ್ಷಣಗಳನ್ನು ಹೇಳಿದೆ. ಡ್ಯಾಶ್‌ಬೋರ್ಡಿನಲ್ಲಿ ಕ್ರೂಸ್ ದೀಪ ಹತ್ತುತ್ತದೆ. ಕಡ್ಡಿ ಕೆಳಗೆ ಒತ್ತಿದರೆ ವೇಗ ನಿಲ್ಲುತ್ತದೆ. ಎಳೆದರೆ ರದ್ದಾಗುತ್ತದೆ. ಎತ್ತಿದಾಗ ಮಾತ್ರ ಮನಸ್ಸಿಗೆ ಬಂದಂತೆ ಆಡುತ್ತದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾರ್ನ್ ಹೇಗಿದೆ ಮೇಡಂ?” ಎಂದು ಕೇಳಿದ.

ಇಂಥ ಪ್ರಶ್ನೆ ಕೇಳುವವನೇ ಕೆಲಸ ಬಲ್ಲವನು. ಸ್ಟೀರಿಂಗ್ ಚಕ್ರ ತಿರುಗುತ್ತದೆ, ಅದರ ಕಂಬ ತಿರುಗುವುದಿಲ್ಲ. ತಿರುಗುವ ಚಕ್ರದಲ್ಲಿರುವ ಹಾರ್ನ್, ಏರ್‌ಬ್ಯಾಗ್, ಕ್ರೂಸ್ ಸ್ವಿಚ್ಚಿಗೆಲ್ಲ ತಂತಿ ಹೋಗಬೇಕಾದರೆ ನಡುವೆ ಒಂದು ಚಪ್ಪಟೆ ರಿಬ್ಬನ್ ಕೇಬಲ್ ಸುರುಳಿ ಸುತ್ತಿಕೊಂಡಿರುತ್ತದೆ. ಚಕ್ರ ತಿರುಗಿದಂತೆ ಅದು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಗಡಿಯಾರದ ಸ್ಪ್ರಿಂಗಿನಂತೆ ಇರುವುದರಿಂದ ಕ್ಲಾಕ್ ಸ್ಪ್ರಿಂಗ್ ಎಂದು ಹೆಸರು. ಅದು ಹರಿದರೆ ಸಾಮಾನ್ಯವಾಗಿ ಹಾರ್ನ್ ಸತ್ತುಹೋಗುತ್ತದೆ, ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ. ಅಲ್ಲೇ ಅಂಗಡಿಯ ಮುಂದೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಹಾರ್ನ್ ಒತ್ತಿದೆ. ಎಲ್ಲೂ ತಡವರಿಸಲಿಲ್ಲ. ಏರ್‌ಬ್ಯಾಗಿನ ದೀಪವೂ ಆರಿತ್ತು. ಅದೂ ಅಲ್ಲದೆ, ಕಡ್ಡಿಯ ಎಲ್ಲ ಆಜ್ಞೆಗಳೂ ಒಂದೇ ಜೋಡಿ ತಂತಿಯ ಮೇಲೆ ಹೋಗುವುದಾದರೆ, ಆ ತಂತಿ ಹರಿದಿದ್ದರೆ ಎಲ್ಲವೂ ಕೆಡಬೇಕು, ಎತ್ತುವುದೊಂದೇ ಏಕೆ ಕೆಡುತ್ತದೆ? ಅಂದಾಜುಪಟ್ಟಿಯ ಅರ್ಧಕ್ಕಿಂತ ಹೆಚ್ಚು ದುಡ್ಡು ಐದು ನಿಮಿಷದ ಹಾರ್ನಿನ ಸದ್ದಿನಲ್ಲಿ ಕರಗಿಹೋಯಿತು.

ಬ್ರೇಕ್ ಪೆಡಲಿನ ಸ್ವಿಚ್ಚನ್ನೂ ನೋಡಿದೆವು. ಕ್ರೂಸ್ ಕೆಲಸ ಮಾಡದಿದ್ದಾಗ ಮೊದಲು ನೋಡಬೇಕಾದದ್ದು ಅದೇ, ಏಕೆಂದರೆ ಬ್ರೇಕ್ ಮುಟ್ಟಿದ ತಕ್ಷಣ ಕ್ರೂಸ್ ಬಿಟ್ಟುಕೊಡಬೇಕು, ಅದಕ್ಕೆ ಸುದ್ದಿ ಕೊಡುವುದು ಆ ಸ್ವಿಚ್. ಅದು ಅಂಟಿಕೊಂಡಿದ್ದರೆ ಬ್ರೇಕ್ ಯಾವಾಗಲೂ ಒತ್ತಿದಂತೆಯೇ ಕಾರಿನೊಳಗಿನ ಕಂಪ್ಯೂಟರಿಗೆ ತೋರುತ್ತದೆ, ಕ್ರೂಸ್ ಹತ್ತುವುದೇ ಇಲ್ಲ. ಅಂಗಡಿಯ ಹುಡುಗ ಹಿಂದೆ ನಿಂತು ಬ್ರೇಕ್ ದೀಪಗಳನ್ನು ನೋಡಿದ. ಎರಡೂ ಸರಿಯಾಗಿ ಹತ್ತಿ ಆರುತ್ತಿದ್ದವು. ಕ್ಲಚ್ಚಿನದೂ ಸರಿಯಿತ್ತು.

“ಅಂಗಡಿಯಲ್ಲೇ ಬಿಚ್ಚುತ್ತೇನೆ, ಬಿಟ್ಟುಹೋಗಿ ಮೇಡಂ” ಎಂದ. ಬೇಡಪ್ಪಾ, ಮನೆಯಲ್ಲಿ ನಾನೇ ಅಳೆದು ನೋಡಬೇಕು ಎಂದೆ. ಅವನು ಒಂದು ಷರತ್ತು ಹಾಕಿದ. ಭಾನುವಾರ ಅವನೇ ಬರುತ್ತಾನೆ, ಏರ್‌ಬ್ಯಾಗ್ ಬಿಚ್ಚುವುದು ಮತ್ತು ಕೂರಿಸುವುದು ಅವನ ಕೆಲಸ, ಉಳಿದದ್ದು ನನ್ನದು. ಒಪ್ಪಿದೆ. ಇದನ್ನು ಓದಿ ಮನೆಯಲ್ಲಿ ಮಾಡಿನೋಡುವ ಆಸೆ ಯಾರಿಗಾದರೂ ಆದರೆ ಅವರೂ ಈ ಷರತ್ತನ್ನು ಒಪ್ಪಬೇಕೆಂದು ಕೈಮುಗಿದು ಕೇಳುತ್ತೇನೆ.

ಭಾನುವಾರ ಬೆಳಿಗ್ಗೆ ಏಳಕ್ಕೇ ಬಂದ. ಏಪ್ರಿಲ್ ತಿಂಗಳು, ಹತ್ತು ಗಂಟೆಯ ಮೇಲೆ ನಮ್ಮ ಕಾರ್ ಷೆಡ್ಡಿನ ತಗಡಿನ ಕೆಳಗೆ ನಿಲ್ಲಲಾಗುವುದಿಲ್ಲ. ಚಕ್ರಗಳನ್ನು ನೇರ ಮಾಡಿ, ಕೀ ತೆಗೆದು, ಹತ್ತನೇ ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಬಟ್ಟೆ ಸುತ್ತಿ ಬದಿಗಿಟ್ಟ. ಆಮೇಲೆ, “ಈಗ ಕಾಫಿ ಕುಡಿಯೋಣ ಮೇಡಂ” ಎಂದ. ಕಾಫಿ ನೆಪವಲ್ಲ, ಕೆಲಸದ ಭಾಗವೇ. ಅಪಘಾತದಲ್ಲಿ ಮೊದಲ ಏಟಿಗೇ ಬ್ಯಾಟರಿಯ ತಂತಿ ಕಿತ್ತುಹೋಗಬಹುದು. ಆಗಲೂ ಏರ್‌ಬ್ಯಾಗ್ ಸಿಡಿಯಬೇಕು. ಅದಕ್ಕಾಗಿ ಅದರ ನಿಯಂತ್ರಕದಲ್ಲಿ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಆ ಶಕ್ತಿ ಒಳಗೆ ಜೀವಂತವಾಗಿರುತ್ತದೆ. ನಮ್ಮ ಕಾರಿನ ಕೈಪಿಡಿ 90 ಸೆಕೆಂಡು ಎನ್ನುತ್ತದೆ, ನಾವು ಕಾಲು ಗಂಟೆ ಬಿಟ್ಟೆವು. ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಕೆಪಾಸಿಟರ್ ಬರಿದಾಗುವ ಆ ಇಳಿಯುವ ವಕ್ರರೇಖೆಯನ್ನು. ಮೊದಲು ಕಡಿದಾಗಿ ಇಳಿದು, ಆಮೇಲೆ ಮೆಲ್ಲಗೆ, ಸೊನ್ನೆಯನ್ನು ಮುಟ್ಟಿಯೂ ಮುಟ್ಟದಂತೆ ಸಾಗುವ ಗೆರೆ. ಲೋಟದಲ್ಲಿ ಆರುವ ಕಾಫಿಯ ಬಿಸಿಯೂ ಅದೇ ಗೆರೆಯಲ್ಲಿ ಇಳಿಯುತ್ತದೆ.

ಕಾಫಿ ಕುಡಿಯುವಾಗ ಯಜಮಾನರಿಗೆ ರಾಲ್ಫ್ ಟೀಟರ್‌ನ ಕಥೆ ಹೇಳಿದೆ. ಕ್ರೂಸ್ ಕಂಟ್ರೋಲನ್ನು ಕಂಡುಹಿಡಿದವನು ಕಣ್ಣಿಲ್ಲದವನು. 1890ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಊರಿನಲ್ಲಿ ಹುಟ್ಟಿದ, ಐದನೆಯ ವಯಸ್ಸಿನಲ್ಲಿ ಪೆಟ್ಟಾಗಿ ದೃಷ್ಟಿ ಕಳೆದುಕೊಂಡ. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗುಗಳ ಟರ್ಬೈನ್ ರೋಟರುಗಳ ತೂಕ ಸಮನಾಗಿಸುವ ವಿಧಾನವನ್ನು ರೂಪಿಸಿದ. 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷನಾದ. ಅವನ ವಕೀಲ ಕಾರು ಓಡಿಸುವಾಗ ಮಾತಾಡಿದರೆ ವೇಗ ಇಳಿಯುತ್ತಿತ್ತಂತೆ, ಕೇಳಿಸಿಕೊಳ್ಳುವಾಗ ಏರುತ್ತಿತ್ತಂತೆ. ಪಕ್ಕದಲ್ಲಿ ಕುಳಿತ ಟೀಟರ್‌ಗೆ ಆ ಜಗ್ಗಾಟ ಸಹಿಸಲಾಗದೆ ಈ ಯೋಚನೆ ಹುಟ್ಟಿತು ಎಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಮೊದಲ ಸಲ ಬಂತು. ಅವನು ಓಡಿಸುವವರ ಪಕ್ಕದಲ್ಲಿ ಕುಳಿತವನು.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಪಕ್ಕದಲ್ಲಿ ಕುಳಿತವನಿಗೇ ಅದು ಗೊತ್ತಾಗುವುದು” ಎಂದರು.

ಏರ್‌ಬ್ಯಾಗ್ ಕಳಚುವುದನ್ನು ನಾನು ಎರಡು ಹೆಜ್ಜೆ ದೂರ ನಿಂತು ನೋಡಿದೆ. ಚಕ್ರದ ಎರಡೂ ಬದಿಯಲ್ಲಿ ಪುಟ್ಟ ಮುಚ್ಚಳಗಳ ಹಿಂದೆ ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂಗಳಿದ್ದವು, ಟಿ-30 ಅಳತೆಯವು. ಸಡಿಲಿಸಿ, ಮೆತ್ತೆಯನ್ನು ಎರಡೂ ಕೈಯಿಂದ ಹೊರಕ್ಕೆ ತಂದು, ತಂತಿಗಳನ್ನು ಕೂಡಿಸುವ ಹಳದಿ ಕಪ್ಲರನ್ನು ಬಿಡಿಸಿದ. ಕಾರಿನಲ್ಲಿ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಅದಕ್ಕೆ ಮೀಟರಿನ ಮೊನೆ ತಾಗಿಸಬಾರದು. ರೋಧವನ್ನು, ಅಂದರೆ ವಿದ್ಯುತ್ತಿನ ಹರಿವಿಗೆ ಬರುವ ತಡೆಯನ್ನು, ಅಳೆಯುವಾಗ ಮೀಟರ್ ತಾನೇ ಸಣ್ಣ ವಿದ್ಯುತ್ತನ್ನು ಹರಿಸುತ್ತದೆ, ಏರ್‌ಬ್ಯಾಗನ್ನು ಸಿಡಿಸುವುದಕ್ಕೂ ವಿದ್ಯುತ್ತೇ ಬೇಕಾದದ್ದು. ಕಳಚಿದ ಮೆತ್ತೆಯನ್ನು ಮುಖ ಮೇಲಾಗಿ ಇಟ್ಟು, ಯಾರೂ ಅದರ ಮೇಲೆ ಬಾಗಬಾರದೆಂದು ಸುತ್ತ ನಾಲ್ಕು ಇಟ್ಟಿಗೆ ಜೋಡಿಸಿದ. ತನ್ನ ಕೆಲಸದ ಮೇಲೆ ಇಷ್ಟು ಭಯಭಕ್ತಿ ಇಟ್ಟುಕೊಂಡವನಿಗೆ ನಾನು ಪಾಠ ಹೇಳಿದ್ದೆ ಎಂಬುದು ಆ ಗಳಿಗೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಂಡಿತು.

ಕ್ರೂಸ್ ಸ್ವಿಚ್ ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತಿತ್ತು. ಬಿಚ್ಚಿ ಕೈಗೆ ಕೊಟ್ಟ. ನನ್ನ ತೋರುಬೆರಳಿನಷ್ಟು ಉದ್ದದ ಕಪ್ಪು ಪ್ಲಾಸ್ಟಿಕ್, ಹಿಂದೆ ಎರಡೇ ಪಿನ್ನು. ಆನ್ ಮಾಡುವುದು, ವೇಗ ನಿಲ್ಲಿಸುವುದು, ಏರಿಸುವುದು, ರದ್ದು ಮಾಡುವುದು ಎಂದು ನಾಲ್ಕು ಆಜ್ಞೆಗಳು, ಅವು ಹೋಗಲು ಎರಡು ತಂತಿ. ಇದು ಹೇಗೆ ಸಾಧ್ಯ ಎಂದು ಪರೀಕ್ಷೆಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. ಉತ್ತರ ರೋಧಗಳಲ್ಲಿದೆ. ಕಡ್ಡಿಯ ಒಂದೊಂದು ಚಲನೆ ಒಂದೊಂದು ಬೆಲೆಯ ರೋಧವನ್ನು ತಂತಿಗಳ ನಡುವೆ ಸೇರಿಸುತ್ತದೆ. ಕಂಪ್ಯೂಟರ್ ತನ್ನೊಳಗಿನ ಇನ್ನೊಂದು ರೋಧದ ಮೂಲಕ ಒಂದು ವೋಲ್ಟೇಜ್ ಕಳುಹಿಸಿ, ಇಲ್ಲಿ ಎಷ್ಟು ಉಳಿಯಿತು ಎಂದು ನೋಡಿ ಆಜ್ಞೆ ಯಾವುದೆಂದು ತಿಳಿಯುತ್ತದೆ. ವೋಲ್ಟೇಜನ್ನು ರೋಧಗಳ ನಡುವೆ ಹಂಚುವ ವಿಭವ ವಿಭಾಜಕ! ಮೂವತ್ತೊಂದು ವರ್ಷ ಹಲಗೆಯ ಮೇಲೆ ಬರೆದೆ, ಹನ್ನೆರಡು ವರ್ಷ ಅದನ್ನೇ ಬೆರಳ ತುದಿಯಲ್ಲಿಟ್ಟುಕೊಂಡು ಓಡಾಡಿದೆ.

ನಮ್ಮ ಕಾರಿನ ದುರಸ್ತಿ ಕೈಪಿಡಿಯಲ್ಲಿ ಆ ರೋಧಗಳ ಬೆಲೆಗಳು ಓಮ್ ಎಂಬ ಅಳತೆಯಲ್ಲಿದ್ದವು. ಏನೂ ಒತ್ತದಿದ್ದಾಗ ತೆರೆದ ಮಂಡಲ, ಅಂದರೆ ವಿದ್ಯುತ್ತಿಗೆ ದಾರಿಯೇ ಇಲ್ಲ. ತುದಿಯ ಆನ್ ಗುಂಡಿ ಒತ್ತಿದರೆ ಹೆಚ್ಚುಕಡಿಮೆ ಸೊನ್ನೆ. ಎತ್ತಿದರೆ ಸುಮಾರು 240 ಓಮ್, ಕೆಳಗೆ ಒತ್ತಿದರೆ 630, ನಮ್ಮ ಕಡೆಗೆ ಎಳೆದರೆ 1540. ಬೇರೆ ಕಾರುಗಳಲ್ಲಿ ಬೇರೆ ಬೆಲೆಗಳಿರುತ್ತವೆ, ತಮ್ಮ ಕಾರಿನ ಕೈಪಿಡಿಯನ್ನೇ ನೋಡಬೇಕು.

ಊಟದ ಮೇಜಿನ ಮೇಲೆ ಹಳೆಯ ಸೀರೆಯ ತುಂಡು ಹಾಸಿ ಸ್ವಿಚ್ಚನ್ನು ಇಟ್ಟೆ. ಡಿಜಿಟಲ್ ಮಲ್ಟಿಮೀಟರಿನ ಮೊನೆಗಳನ್ನು ಒಂದಕ್ಕೊಂದು ತಾಗಿಸಿದೆ, 0.3 ಓಮ್. ತಂತಿಗಳದೇ ರೋಧ ಅದು, ಕಳೆಯಬೇಕಾದದ್ದು. ಏನೂ ಒತ್ತದೆ ಅಳೆದೆ, ತೆರೆದಿದೆ. ಆನ್ ಗುಂಡಿ 0.7. ಎಳೆದೆ, 1544. ಕೆಳಗೆ ಒತ್ತಿದೆ, 633. ಎಲ್ಲವೂ ಕೈಪಿಡಿಯಂತೆ. ಆಮೇಲೆ ಎತ್ತಿದೆ. ಪರದೆಯ ಮೇಲೆ 812 ಕಂಡಿತು, ಓದುವಷ್ಟರಲ್ಲಿ 590 ಆಯಿತು, 1300 ಆಯಿತು, 246 ಆಗಿ ಒಂದು ಚಣ ನಿಂತು ಮತ್ತೆ ಜಿಗಿಯಿತು.

ಡಿಜಿಟಲ್ ಮೀಟರ್ ಇಂಥ ಕಡೆ ನೋಡುವವರನ್ನು ತಬ್ಬಿಬ್ಬು ಮಾಡುತ್ತದೆ. ಸೆಕೆಂಡಿಗೆ ಕೆಲವೇ ಸಲ ಅಳೆದು ಅಂಕಿ ಬದಲಿಸುತ್ತದೆ, ನಡುವಿನದ್ದು ಕಾಣುವುದಿಲ್ಲ. ಅಟ್ಟದಿಂದ ನನ್ನ ಮುಳ್ಳಿನ ಮೀಟರನ್ನು ಇಳಿಸಿದೆ. 1994ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು, ಹೊಸ ಸೆಲ್ ಹಾಕಿ ಸೊನ್ನೆಗೆ ಹೊಂದಿಸಿದೆ. ಕಡ್ಡಿಯನ್ನು ಕೆಳಗೆ ಒತ್ತಿದಾಗ ಮುಳ್ಳು ಒಂದೇ ಬೀಸಿಗೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಎತ್ತಿದಾಗ ಹೊರಟಿತು, ತಡವರಿಸಿತು, ನಡುಗಿತು. ಬೆರಳನ್ನು ಇನ್ನಷ್ಟು ಬಿಗಿಯಾಗಿ ಎತ್ತಿದರೆ 240ರ ಕಡೆಗೆ ವಾಲುತ್ತಿತ್ತು, ಕೂದಲಿನಷ್ಟು ಸಡಿಲಿಸಿದರೆ 600ರ ಸುತ್ತ ಹೋಗಿ ಅಲ್ಲೇ ಅಲುಗುತ್ತಿತ್ತು. ಸುಸ್ತಾದ ಮನುಷ್ಯ ಹೊಸ್ತಿಲ ಬಳಿ ಗೋಡೆ ಹಿಡಿದು ನಿಂತಂತೆ.

600ರ ಸುತ್ತ. ಶಿರಾ ರಸ್ತೆಯ ಮಧ್ಯಾಹ್ನ ಆಗ ನನಗೆ ಪೂರ್ತಿ ಅರ್ಥವಾಯಿತು. 240 ಓಮ್ ಜೊತೆಗೆ ಕೊಳೆತುಂಬಿದ ಸಂಪರ್ಕದ ಮುನ್ನೂರ ಎಂಬತ್ತು, ಮುನ್ನೂರ ತೊಂಬತ್ತು ಓಮ್ ಸೇರಿದರೆ ಸುಮಾರು 630. ಕಂಪ್ಯೂಟರಿಗೆ 630 ಎಂದರೆ ಕಡ್ಡಿ ಕೆಳಗೆ ಒತ್ತಿದ್ದಾರೆ ಎಂದೇ ಅರ್ಥ, ಒತ್ತಿ ಹಿಡಿದರೆ ವೇಗ ಇಳಿಸು ಎಂದು. ನಾನು ಎತ್ತುತ್ತಿದ್ದೆ, ಅದಕ್ಕೆ ಒತ್ತಿದಂತೆ ಕೇಳಿಸುತ್ತಿತ್ತು. ಅದು ತಪ್ಪು ಮಾಡಲಿಲ್ಲ, ತನಗೆ ಕೇಳಿದ್ದನ್ನು ಚಾಚೂತಪ್ಪದೆ ಪಾಲಿಸಿತು. ಮಾತು ದಾರಿಯಲ್ಲಿ ಬದಲಾಗಿತ್ತು.

ನನ್ನ ವಿದ್ಯಾರ್ಥಿ ಮುಳ್ಳನ್ನೇ ನೋಡುತ್ತಾ ನಿಂತಿದ್ದವನು, “ಮೇಡಂ, ರೆಸಿಸ್ಟೆನ್ಸ್ ಬಾಕ್ಸ್ ನೆನಪಾಗುತ್ತಿದೆ” ಎಂದ. ಪಿಯುಸಿ ಪ್ರಯೋಗಾಲಯದ ಆ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಕೀಲಿಗಳಿರುತ್ತವೆ. ಕೀಲಿಯನ್ನು ಒತ್ತಿ ತಿರುಚಿ ಕೂರಿಸದಿದ್ದರೆ, ಅಥವಾ ಅದಕ್ಕೆ ಕಿಲುಬು ಹಿಡಿದಿದ್ದರೆ, ಲೆಕ್ಕದಲ್ಲಿಲ್ಲದ ರೋಧ ಒಳನುಗ್ಗುತ್ತದೆ. ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಆ ಕೀಲಿಗಳನ್ನೆಲ್ಲ ನಯವಾದ ಮರಳುಕಾಗದದಿಂದ ಉಜ್ಜಿಸುತ್ತಿದ್ದೆ. “ಬೇಸರವಾಗುತ್ತಿತ್ತು ಮೇಡಂ ಆಗ, ಯಾಕೆ ಉಜ್ಜಿಸುತ್ತೀರಿ ಎಂದು” ಎಂದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

ರೋಧವೇ ಕೆಟ್ಟಿಲ್ಲ, ಸಂಪರ್ಕವೇ ಕೆಟ್ಟಿದೆ ಎಂದು ಹೇಗೆ ಹೇಳುವುದು? ಇದನ್ನು ಅವನೇ ಬಿಡಿಸಿದ. 240, 630, 1540 ಮೂರೂ ಬೇರೆಬೇರೆ ರೋಧಗಳಲ್ಲ, ಮೆಟ್ಟಿಲಿನಂತೆ ಒಂದರ ಮೇಲೊಂದು ಏರಿಸಿದ್ದು ಇರಬೇಕು ಎಂದ. ಮೊದಲ ಮೆಟ್ಟಿಲು 240. ಅದರ ಮೇಲೆ 390 ಸೇರಿದರೆ 630. ಅದರ ಮೇಲೆ 910 ಸೇರಿದರೆ 1540. ಮೂರೂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೆಲೆಗಳು. ಹಾಗಿದ್ದರೆ 630 ಸರಿಯಾಗಿ ಬರುತ್ತಿದೆ ಎಂದಮೇಲೆ ಅದರೊಳಗಿನ 240 ಕೂಡ ಸರಿಯಿದೆ. ಎತ್ತಿದಾಗ ಕೂಡಬೇಕಾದ ತಾಮ್ರದ ತುಟಿ ಮಾತ್ರ ಸರಿಯಾಗಿ ಕೂಡುತ್ತಿಲ್ಲ. ತರಗತಿಯಲ್ಲಿ ಇವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅಂಕಗಳು ಅಷ್ಟಕ್ಕಷ್ಟೆ. ಈ ತರ್ಕಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ.

ಈ ಬೆಲೆಗಳನ್ನೇ ಏಕೆ ಆರಿಸಿದರು ಎಂಬುದು ರಾತ್ರಿ ಮಲಗುವಾಗಲೂ ಕೊರೆಯುತ್ತಿತ್ತು. ಎದ್ದು ಕಾಗದ ತೆಗೆದುಕೊಂಡೆ. ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ, ಅದರೊಳಗಿನ ರೋಧ 1000 ಓಮ್ ಎಂದು ಇಟ್ಟುಕೊಳ್ಳೋಣ. 240ಕ್ಕೆ ಉಳಿಯುವ ವೋಲ್ಟೇಜ್ 0.97. 630ಕ್ಕೆ 1.93. 1540ಕ್ಕೆ 3.03. ಆನ್ ಗುಂಡಿಗೆ ಸೊನ್ನೆ, ಏನೂ ಒತ್ತದಿದ್ದಾಗ ಪೂರ್ತಿ 5. ಅಂದರೆ ಸೊನ್ನೆ, ಒಂದು, ಎರಡು, ಮೂರು, ಐದು! ಅಡ್ಡಾದಿಡ್ಡಿಯಾಗಿ ಕಂಡ ಮೂರು ಸಂಖ್ಯೆಗಳು ವಿಭಾಜಕದ ಸೂತ್ರದೊಳಗೆ ಹಾದು ಬಂದಾಗ ಸಮನಾದ ಮೆಟ್ಟಿಲುಗಳಾಗಿ ನಿಂತವು. ಒಂದೊಂದು ಆಜ್ಞೆಯ ನಡುವೆ ಒಂದೊಂದು ವೋಲ್ಟಿನ ಅಂತರ, ಸ್ವಲ್ಪ ಕೊಳೆ ಸೇರಿದರೂ ಒಂದು ಇನ್ನೊಂದಾಗದಿರಲಿ ಎಂದು. ಒಳಗಿನ ರೋಧದ ಬೆಲೆ ನಾನು ಊಹಿಸಿಕೊಂಡದ್ದೇ, ಆದರೂ ಲೆಕ್ಕ ಅಷ್ಟು ಚೆನ್ನಾಗಿ ಕೂಡಿಬಂದಾಗ ಆದ ಸಂತೋಷ ಹೇಳಲಾರೆ. ಹನ್ನೆರಡು ವರ್ಷ ಆ ಅಂತರ ನಮ್ಮನ್ನು ಕಾಯ್ದಿತ್ತು. ಯಜಮಾನರನ್ನು ಎಬ್ಬಿಸಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, “ಈಗ ಮಲಗು” ಎಂದರು.

ಹಳೆಯ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಬಹುದಿತ್ತು. ಕೆಲವರು ಹಾಗೆ ಮಾಡಿ ವರ್ಷಗಟ್ಟಲೆ ಓಡಿಸುತ್ತಾರಂತೆ. ನನಗೆ ಅದು ಬೇಡವೆನಿಸಿತು. ವೇಗಕ್ಕೆ ಸಂಬಂಧಿಸಿದ ಗುಂಡಿ ಇಂದು ಸರಿ, ನಾಳೆ ಗೊತ್ತಿಲ್ಲ ಎಂಬಂತೆ ಇರಬಾರದು. ಹೊಸದಕ್ಕೆ ಎರಡು ಸಾವಿರದ ಎಂಟುನೂರು ರೂಪಾಯಿ, ಮೂರು ದಿನದಲ್ಲಿ ಬಂತು. ಜೋಡಿಸುವ ಮೊದಲು ಅದನ್ನೂ ಅದೇ ಸೀರೆಯ ತುಂಡಿನ ಮೇಲಿಟ್ಟು ಅಳೆದೆ. 239, 628, 1537. ಹೊಸದು ಎಂಬ ಕಾರಣಕ್ಕೆ ಯಾವ ವಸ್ತುವನ್ನೂ ನಂಬಬಾರದು.

ಜೋಡಿಸುವುದು ಬಿಚ್ಚಿದ್ದರ ತಿರುವುಮುರುವು, ಅರ್ಧ ಗಂಟೆಯ ಕೆಲಸ. ಸ್ವಿಚ್ಚಿನ ಎರಡು ಸ್ಕ್ರೂಗಳನ್ನು ನಾನೇ ಬಿಗಿ ಮಾಡಿದೆ, ಏರ್‌ಬ್ಯಾಗಿನವನ್ನು ಅವನು ತನ್ನ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿದ. ಹಳದಿ ಕಪ್ಲರ್ ಟಕ್ ಎಂದು ಕೂತ ಸದ್ದು ಬರುವವರೆಗೆ ಬಿಡಲಿಲ್ಲ. ಕೊನೆಗೆ ಬ್ಯಾಟರಿ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಿತು. ಅದು ಆರದಿದ್ದರೆ ಕಾರು ಹೊರಡಬಾರದು. ಗಡಿಯಾರ ಹನ್ನೆರಡಕ್ಕೆ ಹೋಗಿತ್ತು, ಸರಿಮಾಡಿದೆ.

ಹಳೆಯದನ್ನು ಎಸೆಯಲು ಮನಸ್ಸಾಗದೆ ಮುಚ್ಚಳ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಹುಣಸೆಬೀಜದಷ್ಟು ಹಲಗೆಯ ಮೇಲೆ ಎಳ್ಳಿನಷ್ಟು ಮೂರು ರೋಧಗಳು, ಅವುಗಳ ಬೆನ್ನ ಮೇಲೆ 241, 391, 911 ಎಂದು ಬರೆದಿತ್ತು. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕೆಂದು ಹೇಳುತ್ತದೆ, ಅಂದರೆ 240, 390, 910. ಅಂಗಡಿಯ ಹುಡುಗರಿಗೆ ಪಾಠ ಹೇಳುವ ನನ್ನ ವಿದ್ಯಾರ್ಥಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಕಡ್ಡಿಯ ಮೂರು ಚಲನೆಗಳ ಸಂಪರ್ಕಗಳಲ್ಲಿ ಎರಡರ ತಾಮ್ರ ಹೊಳೆಯುತ್ತಿತ್ತು. ಮೂರನೆಯದರ ಮೇಲೆ ಗ್ರೀಸ್ ಒಣಗಿ, ನಮ್ಮೂರಿನ ಧೂಳು ಅದರೊಳಗೆ ಬೆರೆತು, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಕರ್ರಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದೆ, ಪುಡಿಯಾಗಿ ಉದುರಿತು. ಹೆಚ್ಚು ಬಳಸುತ್ತಿದ್ದದ್ದು ಅದನ್ನೇ. ಬ್ರೇಕ್ ಒತ್ತಿ ಬಿಟ್ಟ ಪ್ರತಿ ಸಲ, ಮತ್ತೆ ಹಳೆಯ ವೇಗಕ್ಕೆ ಮರಳಲು ಎತ್ತುವುದು ಅದನ್ನೇ ತಾನೇ.

ಮಾರನೆಯ ಬೆಳಿಗ್ಗೆ ಆರಕ್ಕೆ ಚಿತ್ರದುರ್ಗದ ದಾರಿಯಲ್ಲಿ ಪರೀಕ್ಷೆಗೆ ಹೊರಟೆವು. ಆನಗೋಡು ದಾಟುವವರೆಗೆ ಕ್ರೂಸ್ ಹಾಕಲಿಲ್ಲ. ಊರುಗಳ ಬಳಿ ಜನ ದಾಟುತ್ತಾರೆ, ಬೈಕುಗಳು ಎದುರು ದಿಕ್ಕಿನಲ್ಲಿ ಬರುತ್ತವೆ, ಅಲ್ಲಿ ಕಾಲು ಬ್ರೇಕಿನ ಮೇಲೇ ಇರಬೇಕು. ಮಳೆಯಲ್ಲೂ ನಾನು ಹಾಕುವುದಿಲ್ಲ. ಈ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ಅವಕಾಶವಿದ್ದರೂ ನಮಗೆ 80 ಸಾಕು. ಟೋಲ್ ಕಳೆದ ಮೇಲೆ 80ಕ್ಕೆ ನಿಲ್ಲಿಸಿ ಪಾದ ತೆಗೆದೆ. ಒಮ್ಮೆ ಎತ್ತಿದೆ, ಮುಳ್ಳು ಒಂದೂವರೆ ಕಿಲೋಮೀಟರಿನಷ್ಟು ಏರಿತು. ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿ ಸಲವೂ ಅಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಭರಮಸಾಗರದ ಹತ್ತಿರ ಮೆಕ್ಕೆಜೋಳದ ಮೂಟೆ ಹೊತ್ತ ಟ್ರ್ಯಾಕ್ಟರ್ ಬಲ ಪಥಕ್ಕೆ ಬಂತು. ಬ್ರೇಕ್ ಮುಟ್ಟಿದೆ, ಕ್ರೂಸ್ ಬಿಟ್ಟುಕೊಟ್ಟಿತು, 60ಕ್ಕೆ ಇಳಿದೆವು. ದಾರಿ ಸಿಕ್ಕ ಮೇಲೆ ಕಡ್ಡಿ ಎತ್ತಿದೆ. ಕಾರು ತಾನಾಗಿ ಮೆಲ್ಲಗೆ ಹಳೆಯ ವೇಗಕ್ಕೆ ಏರಿತು.

“ಎಂಬತ್ತೈದು” ಎಂದರು ಯಜಮಾನರು. ಮುಳ್ಳು 85ರ ಗೆರೆಯ ಮೇಲಿತ್ತು.

ಕಳೆದ ವಾರ ಬೆಂಗಳೂರಿಗೆ ಹೋಗುವ ಸರದಿ. ಹೊರಡುವಾಗ ಅವರು ವೈದ್ಯರ ಚೀಟಿಗಳ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಟೋಲ್ ದಾಟುವಾಗ ಏನೋ ಮಾತಾಡುತ್ತಿದ್ದರು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದಾಗ, ಇವತ್ತು ರೆಕ್ಕೆಗಳು ಜೋರಾಗಿ ತಿರುಗುತ್ತಿವೆ ಎಂದು ಹೇಳಲು ಅವರ ಕಡೆ ತಿರುಗಿದೆ. ಫೈಲು ಜಾರಿ ಕಾಲ ಬಳಿ ಬಿದ್ದಿತ್ತು. ಅವರು ನಿದ್ದೆ ಹೋಗಿದ್ದರು.